ಕರಾವಳಿಯ ಮಳೆಗಾಲದಲ್ಲಿ ಲ್ಯಾಂಥನಂ ಸ್ಟ್ರಾನ್ಷಿಯಂ ಮ್ಯಾಂಗನೈಟ್ ತಯಾರಿಸುವ ಕ್ರಮ

ಇಂಧನದಿಂದ ನೇರವಾಗಿ ವಿದ್ಯುತ್ ಕೊಡುವ ಘನ ಆಕ್ಸೈಡ್ ಇಂಧನಕೋಶಗಳ ಕ್ಯಾಥೋಡಿಗೆ (ಆಮ್ಲಜನಕ ಒಳಸೇರುವ ಕಡೆಯ ವಿದ್ಯುದ್ವಾರಕ್ಕೆ) ಬಳಸುವ ಈ ಸೆರಾಮಿಕ್ಕನ್ನು ಪುಡಿಗಳನ್ನು ಬೆರೆಸಿ ಸುಡುವ ಸರಳ ವಿಧಾನದಲ್ಲೇ ತಯಾರಿಸಬಹುದು. ಲ್ಯಾಂಥನಂನ ಐದರಲ್ಲೊಂದು ಪಾಲಿನ ಜಾಗಕ್ಕೆ ಸ್ಟ್ರಾನ್ಷಿಯಂ ಬಂದಾಗ ಮ್ಯಾಂಗನೀಸಿನ ಕೆಲವು ಅಯಾನುಗಳು 3+ ಸ್ಥಿತಿಯಿಂದ 4+ ಸ್ಥಿತಿಗೆ ಏರುತ್ತವೆ. ಈ ಎರಡರ ನಡುವೆ ಎಲೆಕ್ಟ್ರಾನ್ ಜಿಗಿಯುವುದರಿಂದಲೇ ವಿದ್ಯುತ್ ಹರಿಯುತ್ತದೆ. ಹಾಗಾಗಿ ಅನುಪಾತ ಕೆಟ್ಟರೆ ಗುಣವೂ ಕೆಡುತ್ತದೆ. ಸುರತ್ಕಲ್, ಕೊಣಾಜೆ, ಮಣಿಪಾಲದಂತಹ ಕಡೆ ಮಳೆಗಾಲದಲ್ಲಿ ಕೆಲಸ ಮಾಡುವವರು ಎಲ್ಲಕ್ಕಿಂತ ಹೆಚ್ಚು ಎಚ್ಚರ ವಹಿಸಬೇಕಾದದ್ದು ಕುಲುಮೆಯ ಮುಂದಲ್ಲ, ತಕ್ಕಡಿಯ ಮುಂದೆ.

10 ಗ್ರಾಂ ಪುಡಿಗೆ 5.627 ಗ್ರಾಂ ಲ್ಯಾಂಥನಂ ಆಕ್ಸೈಡ್, 1.275 ಗ್ರಾಂ ಸ್ಟ್ರಾನ್ಷಿಯಂ ಕಾರ್ಬೊನೇಟ್ ಮತ್ತು 3.754 ಗ್ರಾಂ ಮ್ಯಾಂಗನೀಸ್ ಡೈಆಕ್ಸೈಡ್ ಬೇಕು. ಜೋರು ಮಳೆಯ ಆಟಿ ತಿಂಗಳಿನಲ್ಲಿ (ತುಳುನಾಡಿನ ಆಷಾಢ) ಭರಣಿಯ ಉಪ್ಪು ನೀರೊಡೆಯುವುದು ಕಣ್ಣಿಗೆ ಕಾಣುತ್ತದೆ. ಆದರೆ ಲ್ಯಾಂಥನಂ ಆಕ್ಸೈಡ್ ಗಾಳಿಯ ತೇವವನ್ನು ಹೀರಿ ಹೈಡ್ರಾಕ್ಸೈಡ್ ಆದರೂ ಅದೇ ಬಿಳಿ ಪುಡಿಯಾಗಿ ಉಳಿಯುತ್ತದೆ. ಅದು ಪೂರ್ತಿ ಹೈಡ್ರಾಕ್ಸೈಡ್ ಆಗಿದ್ದರೆ ನೀವು ತೂಗಿದ 5.627 ಗ್ರಾಂನಲ್ಲಿ ನಿಜವಾಗಿ ಸಿಗುವುದು ಸುಮಾರು 4.83 ಗ್ರಾಂ ಆಕ್ಸೈಡಿನಷ್ಟು ಲ್ಯಾಂಥನಂ ಮಾತ್ರ. ಬಾಟಲಿ ಹೊಸದೆಂಬ ಕಾರಣಕ್ಕೆ ಅದನ್ನು ನಂಬಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ತೂಗುವ ಹಿಂದಿನ ರಾತ್ರಿ ಅದನ್ನು 900ರಿಂದ 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಗಂಟೆ ಕಾಯಿಸಿ, ಸುಮಾರು 200 ಡಿಗ್ರಿಗೆ ಇಳಿದಾಗ ಇಕ್ಕಳದಿಂದ ತೆಗೆದು, ತೇವ ಹೀರುವ, ನೀಲಿ ಬಣ್ಣ ಮಾಸದ ಸಿಲಿಕಾ ಜೆಲ್ ಇರುವ ಡೆಸಿಕೇಟರಿನಲ್ಲಿ (ಬಿಗಿಯಾಗಿ ಮುಚ್ಚುವ ಒಣ ಪಾತ್ರೆಯಲ್ಲಿ) ಆರಿಸಿ, ತಡಮಾಡದೆ ತೂಗಿರಿ. ಕಾರ್ಬೊನೇಟನ್ನು 150 ಡಿಗ್ರಿಯಲ್ಲಿ ಒಣಗಿಸಿದರೆ ಸಾಕು.

ಮುಖಕ್ಕೆ ಮಾಸ್ಕ್ ಕಟ್ಟಿಕೊಂಡೇ, ಮೂರನ್ನೂ ಅಗೇಟ್ ಮಾರ್ಟರಿನಲ್ಲಿ ಅಸಿಟೋನ್ ಹಾಕಿ ಒಂದು ಗಂಟೆ ಅರೆಯಿರಿ. ಅಲ್ಯೂಮಿನಾ ಮೂಸೆಯಲ್ಲಿ 1100 ಡಿಗ್ರಿಯಲ್ಲಿ 12 ಗಂಟೆ ಸುಟ್ಟು, ಮತ್ತೆ ಅರೆದು, ಇನ್ನೊಮ್ಮೆ ಸುಡಿ. ಮಳೆಗಾಲದಲ್ಲಿ ಕರೆಂಟು ಹೋಗುವುದು ಸಾಮಾನ್ಯವಾದ್ದರಿಂದ, ಕರೆಂಟು ಮರಳಿದಾಗ ಕುಲುಮೆ ನಿಂತಲ್ಲಿಂದಲೇ ಮುಂದುವರಿಯುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಎಕ್ಸ್‌ಆರ್‌ಡಿಯಲ್ಲಿ (ಹರಳಿನ ರಚನೆ ತಿಳಿಸುವ ಎಕ್ಸ್-ಕಿರಣ ಪರೀಕ್ಷೆಯಲ್ಲಿ) ನಮಗೆ ಬೇಕಾದ ಹರಳು ರಚನೆಯಾದ ಪೆರೊವ್‌ಸ್ಕೈಟಿನ ಗೆರೆಗಳಷ್ಟೇ ಕಂಡ ಬಳಿಕ ಪುಡಿಯನ್ನು ಬಿಲ್ಲೆಯಾಗಿ ಒತ್ತಿ, ಅದೇ ಪುಡಿಯ ತೆಳು ಹಾಸಿನ ಮೇಲಿಟ್ಟು, 1300 ಡಿಗ್ರಿಯಲ್ಲಿ ಸುಡಿ.

ಸುಟ್ಟ ಬಿಲ್ಲೆಯನ್ನು ಕೆಲವು ದಿನ ತೆರೆದ ಗಾಳಿಯಲ್ಲಿಡಿ. ಅದು ಬಿರುಕು ಬಿಟ್ಟು ಉದುರತೊಡಗಿದರೆ, ಪ್ರತಿಕ್ರಿಯೆಗೆ ಸಿಗದೆ ಉಳಿದ ಲ್ಯಾಂಥನಂ ಆಕ್ಸೈಡ್ ತೇವ ಹೀರಿ ಉಬ್ಬಿರಬಹುದು. ಅಂತಹ ಬಿಲ್ಲೆಯನ್ನು ಅಳತೆಗೆ ಒಡ್ಡದೆ, ಪುಡಿಮಾಡಿ ಮತ್ತೆ ಎಕ್ಸ್‌ಆರ್‌ಡಿಗೆ ಕೊಡಿ.