ಒಂದೇ ಸುದ್ದಿ, ಎರಡು ಹೆಡ್ಡಿಂಗ್: ನನ್ನ ಅನುಭವ

"ಹೆಡ್ಡಿಂಗ್ ನೋಡಿ ಯಾರ ಮನಸ್ಸೂ ಬದಲಾಗಲ್ಲ ಮೇಡಂ" ಎಂದು ನಮ್ಮ ಪತ್ರಿಕೆಯ ಡೆಸ್ಕಿನ (ಸುದ್ದಿ ತಿದ್ದಿ ಹೆಡ್ಡಿಂಗ್ ಕೊಡುವ ವಿಭಾಗ) ಹಿರಿಯರು ಮೂರು ವರ್ಷ ಹೇಳುತ್ತಲೇ ಇದ್ದರು. ಬದಲಾಗುತ್ತೆ. ನಾನು ಮಾಡಿ ತೋರಿಸಿದ್ದೇನೆ.

1996ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನಡೆದ ಮಿಸ್ ವರ್ಲ್ಡ್ ಸ್ಪರ್ಧೆಯನ್ನೇ ಆರಿಸಿಕೊಂಡೆ. ಅದನ್ನು ವಿರೋಧಿಸಿದವರೆಲ್ಲ ಒಂದೇ ಗುಂಪಲ್ಲ. ಸಂಸ್ಕೃತಿ ಕೆಡುತ್ತೆ ಎಂದವರು ಬೇರೆ, ಹೆಣ್ಣಿನ ದೇಹವನ್ನು ಸರಕು ಮಾಡಬೇಡಿ ಎಂದ ಮಹಿಳಾ ಸಂಘಟನೆಗಳು ಬೇರೆ. ಮಹಿಳೆಯರ ವಾದವನ್ನಷ್ಟೇ ಇಟ್ಟು ಒಂದು ಸುದ್ದಿ ಬರೆದೆ. ಹೆಡ್ಡಿಂಗ್ ಮಾತ್ರ ಎರಡು: "ಸೌಂದರ್ಯ ಸ್ಪರ್ಧೆ: ಸ್ತ್ರೀವಾದಿಗಳ ಕಿಡಿ" ಮತ್ತು "ಸೌಂದರ್ಯ ಸ್ಪರ್ಧೆಯಿಂದ ಯಾರಿಗೆ ಲಾಭ? ಮಹಿಳೆಯರ ಪ್ರಶ್ನೆ".

ಮೊದಲ ಸಲ ಪೂರ್ತಿ ಕೆಟ್ಟಿತು. ಜೆರಾಕ್ಸ್ ಹಾಳೆ ನೋಡಿದ ಕೂಡಲೇ ಜನ ಇದು ಪರೀಕ್ಷೆ ಎಂದುಕೊಂಡರು. "ಸ್ತ್ರೀವಾದ ಅಂದ್ರೆ ಏನನ್ನಿಸುತ್ತೆ?" ಎಂದು ನೇರವಾಗಿ ಕೇಳಿದ್ದೂ ತಪ್ಪು. ಎಲ್ಲರೂ "ಸಮಾನತೆ ಬೇಕು" ಎಂದು ಪಾಠ ಒಪ್ಪಿಸಿದರು. ಎರಡು ಸಾವಿರ ನೀರಿಗೆ ಹೋಯಿತು. ಮುಂದಿನ ಸಲ ನ್ಯೂಸ್‌ಪ್ರಿಂಟ್‌ನಲ್ಲೇ, ಮಳೆ ಸುದ್ದಿ, ಅಡಿಕೆ ಧಾರಣೆ ಎಲ್ಲ ಸೇರಿಸಿ ಇಡೀ ಪುಟ ಕಟ್ಟಿಸಿದೆ. ಡಿಟಿಪಿ, ಪ್ರಿಂಟು, ಚಹಾ ಅಂತ ಏಳೆಂಟು ಸಾವಿರ ಕೈಯಿಂದ ಹೋಯಿತು.

ಸ್ವಸಹಾಯ ಸಂಘದವರು, ಡಿಗ್ರಿ ಹುಡುಗಿಯರು ಸೇರಿ ಸುಮಾರು 40 ಜನ. ಎರಡು ತಂಡ, ಒಂದೊಂದಕ್ಕೆ ಒಂದೊಂದು ಹೆಡ್ಡಿಂಗ್. ಸ್ಪರ್ಧೆ ವಿರೋಧಿಸಿದವರ ಬಗ್ಗೆ "ಈ ಹೆಂಗಸರು ಊರಿಗೆ ಬಂದರೆ ಮನೆಗೆ ಕರೀತೀರಾ?" ಎಂದಷ್ಟೇ ಕೇಳಿದೆ. "ಕಿಡಿ" ಓದಿದವರಲ್ಲಿ ಹೆಚ್ಚುಕಡಿಮೆ ಅರ್ಧ ಜನ "ಬೇಡಪ್ಪ, ಜಗಳಗಂಟಿಯರು" ಎಂದರು. ಸುದ್ದಿಯಲ್ಲಿ ಜಗಳವೇ ಇರಲಿಲ್ಲ! ಇನ್ನೊಂದು ತಂಡದಲ್ಲಿ ಹಾಗೆಂದವರು ಮೂರೋ ನಾಲ್ಕೋ. ಆ ತಂಡದ ಒಬ್ಬ ಅಜ್ಜಿ, "ಕರೀತೀನಿ. ಗೆದ್ದ ಹುಡುಗಿಗೆ ಎಷ್ಟು, ನಡೆಸಿದವರಿಗೆ ಎಷ್ಟು ಅಂತ ಕೇಳ್ಬೇಕು" ಎಂದರು. ಆ ಮಾತಿಗೇ ನನ್ನ ದುಡ್ಡು ವಾಪಸ್ ಬಂತು.

ಎರಡು ತಂಡಗಳು ಮಧ್ಯೆ ಮಾತಾಡಿಕೊಳ್ಳದ ಹಾಗೆ ಹೇಗೆ ನೋಡಿಕೊಂಡೆ ಅನ್ನೋದನ್ನು ಸದ್ಯಕ್ಕೆ ಬರೆಯಲ್ಲ. ಮುಂದಿನ ಸುತ್ತಿಗೆ ಬೇಕು.

ನಡುವೆ ಇನ್ನೊಂದು ಮಾತೂ ಕಿವಿಗೆ ಬಿತ್ತು. "ಸ್ತ್ರೀವಾದಿಗಳು ಬ್ರಾ ಸುಟ್ಟರಂತೆ" ಎಂಬ ಮಾತು ಡಿಗ್ರಿ ಹುಡುಗಿಯರಿಗೂ ಗೊತ್ತು. 1968ರಲ್ಲಿ ಅಟ್ಲಾಂಟಿಕ್ ಸಿಟಿಯ ಮಿಸ್ ಅಮೆರಿಕ ಪ್ರತಿಭಟನೆಯಲ್ಲಿ ಅವನ್ನು ಕಸದ ಡಬ್ಬಿಗೆ ಎಸೆದರು, ಅಷ್ಟೇ. ಸುಟ್ಟರು ಎಂಬುದು ಪತ್ರಿಕೆಯಿಂದ ಹಬ್ಬಿದ ಮಾತು. ಐವತ್ತು ವರ್ಷ ದಾಟಿ ನಮ್ಮ ತಾಲೂಕಿನವರೆಗೂ ಬಂದಿದೆ ನೋಡಿ.

ಡೆಸ್ಕಿನ ಹಿರಿಯರು ಈಗ ಹೆಡ್ಡಿಂಗ್‌ನಲ್ಲಿ "ಕಿಡಿ" ಬಂದರೆ ತಾವೇ ಹೊಡೆದು ಹಾಕುತ್ತಾರೆ. ಫೋಟೋ ಮಾತ್ರ ಇನ್ನೂ ಬಗೆಹರಿದಿಲ್ಲ. ಬಾಯಿ ತೆರೆದು ಘೋಷಣೆ ಕೂಗುವ ಚಿತ್ರ ಹಾಕಿದರೆ, ಎಷ್ಟು ಒಳ್ಳೆಯ ಹೆಡ್ಡಿಂಗ್ ಕೊಟ್ಟರೂ ಮತ್ತೆ "ಜಗಳಗಂಟಿ" ಅನ್ನುತ್ತಾರೆ. ದುಡ್ಡು ಹೊಂದಿದರೆ ಜನವರಿಯಲ್ಲಿ ಅದನ್ನು ನೋಡುತ್ತೇನೆ.