ರಸ್ತೆಯೇ ಕಣವಾಗುವ ದಾರಿಯಲ್ಲಿ ಒಂದು ದಿನ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 60 ಕಿ.ಮೀ., ಒಂದು ಗಂಟೆಯ ದಾರಿ. ಕಳೆದ ಡಿಸೆಂಬರಿನ ಒಂದು ಭಾನುವಾರ ನಾನು ಅದೇ ಚಿತ್ರದುರ್ಗವನ್ನು ತಲುಪಲು ಹನ್ನೊಂದು ಗಂಟೆಗೂ ಹೆಚ್ಚು ಹೊತ್ತು ತೆಗೆದುಕೊಂಡೆ. ಸಂತೆಬೆನ್ನೂರು, ಸೂಳೆಕೆರೆ, ಚನ್ನಗಿರಿ, ಹೊಳಲ್ಕೆರೆ, ಹೊಸದುರ್ಗ, ಮಾರಿಕಣಿವೆ, ಹಿರಿಯೂರು ಎಂದು ಬಳಸು ದಾರಿಯಲ್ಲಿ ಸುತ್ತಿ ಮನೆಗೆ ಮರಳಿದಾಗ ಮೀಟರು ಮುನ್ನೂರು ಕಿ.ಮೀ.ಗೆ ಸ್ವಲ್ಪ ಕಡಿಮೆ ತೋರಿಸುತ್ತಿತ್ತು. ಜೊತೆಗಿದ್ದವರು ನನ್ನ ಸೋದರಮಾವ. ಅವರಿಗೆ ವೇಗವೆಂದರೆ ಆಗದು, ಚಹಾದಂಗಡಿ ಎಂದರೆ ಆಗುತ್ತದೆ. ಇಂತಹ ಪ್ರಯಾಣಕ್ಕೆ ಅವರಿಗಿಂತ ಒಳ್ಳೆಯ ಜೊತೆಗಾರರಿಲ್ಲ.

ಒಳದಾರಿಯ ಪ್ರಯಾಣವನ್ನು ಕಿಲೋಮೀಟರಿನಲ್ಲಿ ಲೆಕ್ಕ ಹಾಕಬಾರದೆಂಬುದನ್ನು ಹಿಂದಿನ ವರ್ಷದ ಪ್ರಯತ್ನವೊಂದು ಕಲಿಸಿತ್ತು. ಅಂದು ಗಂಟೆಗೆ 50 ಕಿ.ಮೀ. ಎಂದು ಎಣಿಸಿ ಹೊರಟು, ಕತ್ತಲಾದ ಮೇಲೆ ಬಣ್ಣ ಬಳಿಯದ ಉಬ್ಬುಗಳ ಮೇಲೆ ಎಗರುತ್ತಾ ಮನೆ ಸೇರಿದ್ದೆ. ಈ ಬಾರಿ ನಿಲ್ಲುವ ಹೊತ್ತನ್ನೂ ಸೇರಿಸಿ ಗಂಟೆಗೆ ಇಪ್ಪತ್ತೇ ಎಂದು ಹಿಡಿದು, ಹಗಲಿನಲ್ಲಿ ಒಳದಾರಿ, ಸಂಜೆಗೆ ಹೆದ್ದಾರಿ ಎಂದು ಭಾಗ ಮಾಡಿಕೊಂಡೆ. ಹಿಂದಿನ ದಿನವೇ ನಾಲ್ಕು ಚಕ್ರಗಳ ಗಾಳಿಯೊಂದಿಗೆ ಸ್ಟೆಪ್ನಿಯ ಗಾಳಿಯನ್ನೂ ನೋಡಿಸಿದೆ. ಸ್ಟೆಪ್ನಿಯಲ್ಲಿ ಗಾಳಿ ಅರ್ಧವೂ ಇರಲಿಲ್ಲ. ಅದನ್ನು ಕೊನೆಯ ಬಾರಿ ಯಾವಾಗ ನೋಡಿಸಿದ್ದೆನೆಂಬುದು ನನಗೇ ನೆನಪಿರಲಿಲ್ಲ.

ಬೆಳಿಗ್ಗೆ ಆರಕ್ಕೆ ಹೊರಟಾಗ ಬೆಣ್ಣೆ ದೋಸೆಯ ಒಲೆಗಳು ಇನ್ನೂ ಕೆಂಡವಾಗಿರಲಿಲ್ಲವಾದ್ದರಿಂದ ಮಾವನವರು ಒಂದು ಚೀಲ ಮಂಡಕ್ಕಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತರು. ಭದ್ರಾ ನಾಲೆಯ ನೀರು ಹರಿಯುವಲ್ಲೆಲ್ಲ ಗದ್ದೆ, ಅದು ತಲುಪದ ಕಡೆ ಮೆಕ್ಕೆಜೋಳ, ಚನ್ನಗಿರಿ ಸಮೀಪಿಸಿದಂತೆ ಅಡಿಕೆ ತೋಟ ಎಂಬ ಕ್ರಮವನ್ನು ಕಿಟಕಿಯಿಂದಲೇ ಓದಬಹುದು. ಸಂತೆಬೆನ್ನೂರಿನಲ್ಲಿ ಹದಿನಾರನೆಯ ಶತಮಾನದಲ್ಲಿ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಣಿಯ ಮೆಟ್ಟಿಲ ಮೇಲೆ ಕುಳಿತು, ನೀರಿನ ನಡುವಿನ ಮಂಟಪಕ್ಕೆ ಬಿಸಿಲು ಮುಟ್ಟುವುದನ್ನು ನೋಡಿದೆವು. ಸೂಳೆಕೆರೆಯಲ್ಲಿ ಹೆಚ್ಚು ಹೊತ್ತು ನಿಂತೆವು. ಶಾಂತವ್ವ ಕಟ್ಟಿಸಿದಳೆಂದು ಜನ ಹೇಳುವ ಈ ಕೆರೆಗೆ ಶಾಂತಿಸಾಗರವೆಂಬ ಹೆಸರೂ ಇದೆ. ಗುಡ್ಡಗಳ ನಡುವಿನ ಕಿರಿದಾದ ಕಣಿವೆಯನ್ನು ಒಂದು ಏರಿಯಿಂದ ಮುಚ್ಚಿ ಇಷ್ಟು ನೀರು ನಿಲ್ಲಿಸಿದ ಜಾಣ್ಮೆ ಏರಿಯ ಮೇಲೆ ನಿಂತು ಎರಡೂ ಬದಿ ನೋಡಿದರೆ ಮಾತ್ರ ತಿಳಿಯುತ್ತದೆ. ಚಿತ್ರದುರ್ಗದ ನಲ್ಲಿಗಳಿಗೂ ಇಲ್ಲಿಂದ ನೀರು ಹೋಗುತ್ತದೆ.

ಹೊಳಲ್ಕೆರೆಯ ಬಯಲು ಗಣಪನಿಗೆ ಕೈಮುಗಿದು ಹೊಸದುರ್ಗದ ಕಡೆ ತಿರುಗಿದ ಮೇಲೆ ದಾರಿಯ ನಿಜವಾದ ಪಾಠ ಆರಂಭವಾಯಿತು. ಸುಗ್ಗಿಯ ಕಾಲದಲ್ಲಿ ಈ ಸೀಮೆಯ ಹಳ್ಳಿಗಳ ಡಾಂಬರು ರಸ್ತೆಯೇ ಕಣ. ರಾಗಿಯ ತೆನೆಯನ್ನೋ ಹುರುಳಿ ಬಳ್ಳಿಯನ್ನೋ ರಸ್ತೆಯ ಅಗಲಕ್ಕೆ ಹಾಸಿ, ಹೋಗಿಬರುವ ವಾಹನಗಳ ಚಕ್ರಗಳಿಂದಲೇ ಒಕ್ಕಣೆ ಮಾಡಿಸುವುದು ರೂಢಿ. ನಿಯಮದ ಪ್ರಕಾರ ಇದು ತಪ್ಪು, ಅಪಾಯವೂ ಹೌದು. ಬೈಕಿನವರು ಜಾರಿ ಬಿದ್ದದ್ದನ್ನು ನಾನೇ ಕಂಡಿದ್ದೇನೆ. ಆದರೆ ಕೂಲಿಯಾಳು ಸಿಗದ, ಸಾಮೂಹಿಕ ಕಣವಿಲ್ಲದ ಊರಿನವರ ಮೇಲೆ ಹಾರ್ನ್ ಒತ್ತಿ ರೇಗಲು ನನಗೆ ಮನಸ್ಸಾಗುವುದಿಲ್ಲ.

ಮೊಣಕಾಲುದ್ದ ಹುರುಳಿ ಹಾಸಿದ್ದ ಒಂದು ಕಡೆ ನಾನು ಗಾಡಿ ನಿಲ್ಲಿಸಿದೆ. ಅಂಚಿನಲ್ಲಿ ಕುಳಿತಿದ್ದ ಅಜ್ಜಿ, "ಯಾಕಪ್ಪಾ ನಿಂತ್ಕಂಡೆ? ಮೇಲೇ ಹೋಗು, ನಮ್ಗೂ ಒಂದೀಟು ಕೆಲ್ಸ ಆಗ್ತೈತೆ" ಎಂದರು. ಹೋದೆ. ನೂರು ಮಾರು ದಾಟುವುದರೊಳಗೆ ಅಡಿಯಲ್ಲಿ ಪರಪರ ಸದ್ದು, ಅದರ ಹಿಂದೆಯೇ ಸುಟ್ಟ ಹುಲ್ಲಿನ ವಾಸನೆ. ಒಣಗಿದ ಬಳ್ಳಿ ತಿರುಗುವ ಆಕ್ಸಲ್‌ಗೆ ನೂಲಿನಂತೆ ಸುತ್ತಿಕೊಂಡು, ಕಾದ ಸೈಲೆನ್ಸರ್ ಕೊಳವೆಗೆ ತಾಗಿತ್ತು. ಹುಲ್ಲಿನ ಮೇಲೆಯೇ ನಿಲ್ಲಿಸಿದರೆ ಕೆಳಗಿನ ಹಾಸಿಗೂ ಕಿಡಿ ಹತ್ತಬಹುದೆಂದು, ನಿಧಾನವಾಗಿ ಬರಿ ಡಾಂಬರಿನವರೆಗೆ ಗಾಡಿ ತಂದು ಇಂಜಿನ್ ಆರಿಸಿದೆ. ಮಾವನವರು ಕುಡಿಯುವ ನೀರಿನ ಕ್ಯಾನು ಹಿಡಿದು ಕಾವಲು ನಿಂತರು. ಅಜ್ಜಿ ಒಂದು ಮಾತೂ ಆಡದೆ ತಮ್ಮ ಕುಡುಗೋಲನ್ನು ತಂದು ಕೊಟ್ಟರು. ಕೊಳವೆ ತಣ್ಣಗಾಗಲು ಅರ್ಧ ಗಂಟೆ ಕಾದು, ರಬ್ಬರಿನ ಕವಚಕ್ಕೆ ಗಾಯವಾಗದಂತೆ ಎಳೆ ಎಳೆಯಾಗಿ ಕತ್ತರಿಸಿ ತೆಗೆದೆ.

ಅಂದಿನಿಂದ ನಾನು ಅನುಸರಿಸುವ ಕ್ರಮ ಹೀಗಿದೆ. ಹಾಸು ತೆಳುವಾಗಿದ್ದರೆ ಎರಡನೆಯ ಗೇರಿನಲ್ಲಿ, ಒಂದೇ ವೇಗದಲ್ಲಿ, ಬ್ರೇಕನ್ನೂ ಸ್ಟಿಯರಿಂಗನ್ನೂ ತಟಕ್ಕನೆ ಬಳಸದೆ ದಾಟುತ್ತೇನೆ, ಏಕೆಂದರೆ ಕಾಳಿನ ಮೇಲೆ ಚಕ್ರ ಗೋಲಿಯ ಮೇಲೆ ಜಾರಿದಂತೆ ಜಾರುತ್ತದೆ. ಹಾಸು ದಪ್ಪವಾಗಿದ್ದರೆ ಇಳಿದು, ಒಂದು ಚಕ್ರದಷ್ಟು ಜಾಗ ಬಿಡಿಸಿಕೊಡಿ ಎಂದು ಕೇಳುತ್ತೇನೆ. ಇದುವರೆಗೆ ಯಾರೂ ಇಲ್ಲವೆಂದಿಲ್ಲ. ದಾಟಿದ ಮೇಲೆ ಒಮ್ಮೆ ನಿಂತು ಗಾಡಿಯ ಅಡಿಗೆ ಬಗ್ಗಿ ನೋಡುವುದನ್ನು ಮರೆಯುವುದಿಲ್ಲ. ಕುರಿ ಹಿಂಡು ಎದುರಾದರೆ ಮಾತ್ರ ಏನನ್ನೂ ಮಾಡಬೇಕಾಗಿಲ್ಲ. ಇಂಜಿನ್ ಆರಿಸಿ ಕುಳಿತರೆ ಸಾಕು, ಅವು ನೀರಿನಂತೆ ಎರಡೂ ಬದಿಯಿಂದ ಹರಿದುಹೋಗುತ್ತವೆ.

ಈ ಗಲಾಟೆಯಲ್ಲಿ ಮಾರಿಕಣಿವೆ ಸೇರಿದಾಗ ಮಧ್ಯಾಹ್ನ ಮೂರು ದಾಟಿತ್ತು. ವೇದಾವತಿ ನದಿಗೆ ಅಡ್ಡಲಾಗಿ 1898ರಲ್ಲಿ ಆರಂಭಿಸಿ 1907ರಲ್ಲಿ ಮುಗಿಸಿದ ಇಲ್ಲಿನ ಜಲಾಶಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಹರಿದ ಬಳಿಕ ಮತ್ತೆ ಹರಿದದ್ದು 2022ರಲ್ಲಿ, 89 ವರ್ಷಗಳ ನಂತರ. ಹಾಗೆ ಹರಿದಾಗ ಮಾವನವರು ಬಸ್ಸಿನಲ್ಲಿ ನೋಡಲು ಬಂದು ಜನಜಂಗುಳಿಯಲ್ಲಿ ನೀರನ್ನೇ ಕಾಣದೆ ಮರಳಿದ್ದರಂತೆ. ನಾವು ಹೋದ ದಿನ ಕೋಡಿಯ ಬಳಿ ಹೆಚ್ಚು ಜನರಿರಲಿಲ್ಲ. ಉಳಿದ ಮಂಡಕ್ಕಿಯನ್ನು ಅಲ್ಲಿಯೇ ಮುಗಿಸಿದೆವು.

ಹಿರಿಯೂರಿನಿಂದ ಹೆದ್ದಾರಿ. ಗಾಳಿಯಂತ್ರಗಳ ಸಾಲಿನ ಹಿಂದೆ ಸೂರ್ಯ ಮುಳುಗುವುದನ್ನು ಚಿತ್ರದುರ್ಗದ ಸಮೀಪ ನೋಡಿದ್ದನ್ನು ಬಿಟ್ಟರೆ ಆ ನೂರು ಕಿಲೋಮೀಟರುಗಳ ಬಗ್ಗೆ ಬರೆಯುವಂತಹದೇನೂ ಇಲ್ಲ. ಎಂಟಕ್ಕೆ ಮುಂಚೆ ಮನೆಯಲ್ಲಿದ್ದೆವು.

ಮಾರನೆಯ ದಿನ ಮೆಕ್ಯಾನಿಕ್ ಗಾಡಿಯನ್ನು ಜ್ಯಾಕಿನ ಮೇಲೆ ಎತ್ತಿ, ನಾನು ಪೂರ್ತಿ ತೆಗೆದೆನೆಂದುಕೊಂಡಿದ್ದ ಜಾಗದಿಂದ ಇನ್ನೂ ಒಂದು ಹಿಡಿ ಹುರುಳಿ ಬಳ್ಳಿಯನ್ನು ಎಳೆದು ನನ್ನ ಕೈಗಿಟ್ಟ. ಈಗ ಡಿಕ್ಕಿಯಲ್ಲಿ ಸ್ಟೆಪ್ನಿಯ ಪಕ್ಕ ಗೋಣಿಯಲ್ಲಿ ಸುತ್ತಿದ ಒಂದು ಕುಡುಗೋಲೂ ಇರುತ್ತದೆ.