ಕ್ವಾಡ್ ಬೈಕ್ ಚಾರ್ಜ್ ಆಗುತ್ತಿಲ್ಲವೇ? ಬ್ಯಾಟರಿ ತರುವ ಮೊದಲು ಕಪ್ಲರ್ ಬಿಚ್ಚಿ ನೋಡಿ

ಮಲೆನಾಡಿನ ಹೋಂಸ್ಟೇಗಳಲ್ಲಿ, ಕಾಫಿ ತೋಟಗಳಲ್ಲಿ ಈಗ ಪುಟ್ಟ ಕ್ವಾಡ್ ಬೈಕ್‌ಗಳು ಮಾಮೂಲಿ. ಎಟಿವಿ ಅಂತಲೂ ಕರೆಯುತ್ತಾರೆ. ಚಿಕ್ಕವು ಸಾಮಾನ್ಯವಾಗಿ 110 ಅಥವಾ 125 ಸಿಸಿಯವು. ಮಳೆಗಾಲ ಮುಗಿದು ಸೀಸನ್ ಶುರುವಾಗುವ ಹೊತ್ತಿಗೆ ಮಾಲೀಕರದ್ದು ಒಂದೇ ದೂರು: ‘ಸೆಲ್ಫ್ ಎತ್ತುತ್ತಿಲ್ಲ, ಬ್ಯಾಟರಿ ಹೋಗಿದೆ.’ ಹೊಸ ಬ್ಯಾಟರಿ ತಂದು ಹಾಕುತ್ತಾರೆ. ಎರಡು ಮೂರು ವಾರ ಗಾಡಿ ಚೆನ್ನಾಗಿರುತ್ತದೆ. ಆಮೇಲೆ ಮತ್ತೆ ಅದೇ ಟಕ್ ಟಕ್. ಬೈಗುಳವೆಲ್ಲ ಬ್ಯಾಟರಿ ಕಂಪನಿಗೆ.

ಪಾಪ, ಆ ಬ್ಯಾಟರಿಯದ್ದು ಬಹಳ ಸಲ ಏನೂ ತಪ್ಪಿರುವುದಿಲ್ಲ. ಹೊಸ ಬ್ಯಾಟರಿ ಅಂಗಡಿಯಿಂದಲೇ ಚಾರ್ಜ್ ತುಂಬಿಕೊಂಡು ಬಂದಿರುತ್ತದೆ. ಗಾಡಿ ಚೂರೂ ಚಾರ್ಜ್ ಕೊಡದಿದ್ದರೂ ಆ ಸ್ಟಾಕ್ ಮುಗಿಯುವ ತನಕ ಸೆಲ್ಫ್ ತಿರುಗುತ್ತದೆ. ಇನ್ನೊಂದು ಮೋಸವೂ ಇದೆ. ಇಂಥ ಎಷ್ಟೋ ಇಂಜಿನ್‌ಗಳಲ್ಲಿ ಪ್ಲಗ್‌ಗೆ ಕಿಡಿ ಕೊಡುವ ಕರೆಂಟ್ ಬ್ಯಾಟರಿಯಿಂದ ಬರುವುದೇ ಇಲ್ಲ. ಮ್ಯಾಗ್ನೆಟ್ ಒಳಗಿನ ಬೇರೆಯದೇ ಕಾಯಿಲ್‌ನಿಂದ ಬರುತ್ತದೆ. ಹಾಗಾಗಿ ಚಾರ್ಜಿಂಗ್ ಪೂರ್ತಿ ಸತ್ತಿದ್ದರೂ ಒಮ್ಮೆ ಸ್ಟಾರ್ಟ್ ಆದ ಗಾಡಿ ಹಾಯಾಗಿ ಓಡುತ್ತಿರುತ್ತದೆ. ಯಾರಿಗೂ ಅನುಮಾನ ಬರುವುದಿಲ್ಲ.

ವ್ಯವಸ್ಥೆ ದೊಡ್ಡದೇನಲ್ಲ. ಇಂಜಿನ್ ಪಕ್ಕದ ಕವರ್ ಒಳಗೆ ಮ್ಯಾಗ್ನೆಟ್ ತಿರುಗುತ್ತದೆ. ಅದರ ನಡುವೆ ಕಾಯಿಲ್ ಪ್ಲೇಟ್ ಇದೆ. ಅಲ್ಲಿ ಹುಟ್ಟಿದ ಎಸಿ ಕರೆಂಟ್ ಆರ್‌ಆರ್ (ರೆಗ್ಯುಲೇಟರ್ ರೆಕ್ಟಿಫೈಯರ್) ಯೂನಿಟ್‌ಗೆ ಹೋಗುತ್ತದೆ. ಅಲ್ಯುಮಿನಿಯಂ ಪಟ್ಟಿಗಳಿರುವ ಪುಟ್ಟ ಡಬ್ಬಿ ಅದು. ಎಸಿಯನ್ನು ಡಿಸಿ ಮಾಡುವುದು, ವೋಲ್ಟೇಜ್ ಮಿತಿ ಮೀರದಂತೆ ತಡೆಯುವುದು, ಎರಡೂ ಅದರ ಕೆಲಸವೇ. ಅಲ್ಲಿಂದ ಒಂದು ವೈರ್ ಫ್ಯೂಸ್ ದಾಟಿ ಬ್ಯಾಟರಿಗೆ ಬರುತ್ತದೆ. ಕಾಯಿಲ್, ಆರ್‌ಆರ್, ಬ್ಯಾಟರಿ. ಈ ಮೂರನ್ನು ಎಲ್ಲರೂ ಅನುಮಾನಿಸುತ್ತಾರೆ. ಮೂರರ ನಡುವಿನ ಜಾಯಿಂಟ್‌ಗಳನ್ನು, ಅಂದರೆ ವೈರ್‌ಗಳನ್ನು ಸೇರಿಸುವ ಪ್ಲಾಸ್ಟಿಕ್ ಕಪ್ಲರ್‌ಗಳನ್ನು, ಅರ್ಥ್ ಬೋಲ್ಟನ್ನು ಯಾರೂ ನೋಡುವುದಿಲ್ಲ. ನಾನು ಕಂಡ ಗಾಡಿಗಳಲ್ಲಿ ತೊಂದರೆ ಹೆಚ್ಚಾಗಿ ಇದ್ದದ್ದು ಅಲ್ಲೇ.

ಏನೇನು ಬೇಕು

ಒಂದು ಡಿಜಿಟಲ್ ಮಲ್ಟಿಮೀಟರ್, ಸ್ಪ್ಯಾನರ್ ಸೆಟ್, ಉಪ್ಪುಕಾಗದ, ಹಳೆಯ ಹಲ್ಲುಜ್ಜುವ ಬ್ರಶ್, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ. ಮೀಟರ್ ದುಬಾರಿಯದೇ ಆಗಬೇಕಿಲ್ಲ, ಆದರೆ ಅದರ ಒಳಗಿನ ಬ್ಯಾಟರಿ ಹೊಸದಿರಲಿ. ಅದು ಇಳಿದಿದ್ದರೆ ಕೆಲವು ಮೀಟರ್‌ಗಳು ಇರುವುದಕ್ಕಿಂತ ಜಾಸ್ತಿ ವೋಲ್ಟ್ ತೋರಿಸುತ್ತವೆ. ಬಲ್ಬ್ ಕಟ್ಟಿದ ಟೆಸ್ಟ್ ಲ್ಯಾಂಪ್ ಈ ಕೆಲಸಕ್ಕೆ ಬೇಡವೇ ಬೇಡ. 12 ವೋಲ್ಟ್‌ಗೂ 14 ವೋಲ್ಟ್‌ಗೂ ಬಲ್ಬಿನ ಬೆಳಕಿನಲ್ಲಿ ವ್ಯತ್ಯಾಸ ಕಣ್ಣಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ನಮಗೆ ಬೇಕಿರುವುದು ಆ ವ್ಯತ್ಯಾಸವೇ.

ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ, ಪಾರ್ಕಿಂಗ್ ಬ್ರೇಕ್ ಎಳೆಯಿರಿ. ಈ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಕ್ಲಚ್ ಲಿವರ್ ಇಲ್ಲ. ಗೇರ್‌ನಲ್ಲಿದ್ದಾಗ ರೇಸ್ ಕೊಟ್ಟರೆ ಎದುರಿಗೆ ಕೂತವರ ಮೇಲೇ ನುಗ್ಗುತ್ತದೆ. ಶೆಡ್ಡಿನ ಬಾಗಿಲು ಹಾಕಿಕೊಂಡು ಇಂಜಿನ್ ಓಡಿಸಬೇಡಿ, ಹೊಗೆ ಅಪಾಯ.

ಮೊದಲು ಬ್ಯಾಟರಿ

ಬ್ಯಾಟರಿ ಬಿಚ್ಚಿ ಚಾರ್ಜರ್‌ಗೆ ಹಾಕಿ. ಇದರ ಸಾಮರ್ಥ್ಯ ಸಾಮಾನ್ಯವಾಗಿ 4ರಿಂದ 9 ಆಂಪಿಯರ್ ಅವರ್ ಅಷ್ಟೇ. ಅದರ ಹತ್ತನೇ ಒಂದು ಭಾಗದಷ್ಟು ಕರೆಂಟ್ ಸಾಕು. ಅಂದರೆ 7 ಆಂಪಿಯರ್ ಅವರ್ ಬ್ಯಾಟರಿಗೆ 0.7 ಆಂಪಿಯರ್. ಜೀಪು, ಟ್ರ್ಯಾಕ್ಟರ್ ಬ್ಯಾಟರಿಯ ಚಾರ್ಜರ್‌ಗೆ ಕೊಟ್ಟು ‘ಅರ್ಧ ಗಂಟೇಲಿ ಫುಲ್ ಮಾಡಿ ಕೊಡಿ’ ಅನ್ನಬೇಡಿ. ಸೀಲ್ಡ್ ಬ್ಯಾಟರಿ ಉಬ್ಬಿಕೊಳ್ಳುತ್ತದೆ.

ಚಾರ್ಜರ್ ತೆಗೆದು ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಅಳೆಯಿರಿ. 12.7ರ ಆಸುಪಾಸಿದ್ದರೆ ಫುಲ್. 12.4ಕ್ಕಿಂತ ಕೆಳಗೆ ಜಾರಿದ್ದರೆ ಬ್ಯಾಟರಿ ಚಾರ್ಜ್ ಹಿಡಿಯುತ್ತಿಲ್ಲ ಎಂದರ್ಥ. ಗಾಡಿಗೆ ಹಾಕಿ ಸೆಲ್ಫ್ ಒತ್ತುವಾಗಲೂ ಮೀಟರ್ ನೋಡಿ. ಆ ಹೊತ್ತಿನಲ್ಲಿ 9.5ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಬದಲಿಸಲೇಬೇಕು. ಬದಲಿಸಿದ ಮೇಲೂ ಮುಂದಿನ ಹೆಜ್ಜೆಗಳನ್ನು ಬಿಡಬೇಡಿ, ಅದನ್ನು ಕೊಂದದ್ದು ಯಾರು ಅಂತ ಗೊತ್ತಾಗಬೇಕಲ್ವಾ? ‘ದೊಡ್ಡ ಆಂಪಿಯರ್‌ದು ಹಾಕಿ, ಪ್ರಾಬ್ಲಮ್ ಇರಲ್ಲ’ ಎಂಬ ಅಂಗಡಿಯವರ ಮಾತಿಗೂ ಮರುಳಾಗಬೇಡಿ. ಚಾರ್ಜ್ ಬರದ ಗಾಡಿಗೆ ದೊಡ್ಡ ಬ್ಯಾಟರಿ ಹಾಕಿದರೆ ಕೆಟ್ಟು ನಿಲ್ಲುವ ದಿನ ಸ್ವಲ್ಪ ಮುಂದೆ ಹೋಗುತ್ತದೆ, ಅಷ್ಟೇ.

ಇಂಜಿನ್ ಓಡುವಾಗ

ಮೀಟರನ್ನು ಡಿಸಿ 20 ವೋಲ್ಟ್‌ಗೆ ಇಟ್ಟು ಕಡ್ಡಿಗಳನ್ನು ಬ್ಯಾಟರಿಯ ಎರಡು ತುದಿಗೆ ಹಿಡಿಯಿರಿ. ಐಡಲ್‌ನಲ್ಲಿ ಏನು ಬರುತ್ತದೆಂದು ತಲೆ ಕೆಡಿಸಿಕೊಳ್ಳಬೇಡಿ. ನಿಧಾನಕ್ಕೆ ರೇಸ್ ಕೊಟ್ಟು ಮಧ್ಯಮ ವೇಗದಲ್ಲಿ ಹಿಡಿಯಿರಿ. 13.8ರಿಂದ 14.5ರೊಳಗೆ ನಿಂತರೆ ಚಾರ್ಜಿಂಗ್ ಸರಿಯಾಗಿದೆ. ಇಂಥ ಚಿಕ್ಕ ಗಾಡಿಯಲ್ಲಿ 13.5 ಬಂದರೂ ನಾನು ಒಪ್ಪಿಕೊಳ್ಳುತ್ತೇನೆ. 15 ದಾಟಿ ಏರುತ್ತಿದ್ದರೆ ರೇಸ್ ಬಿಟ್ಟು ಇಂಜಿನ್ ಆಫ್ ಮಾಡಿ. ಆರ್‌ಆರ್‌ನ ಅರ್ಥ್ ವೈರ್ ಗಟ್ಟಿಯಿದೆಯಾ ನೋಡಿ. ಅದು ಸರಿಯಿದ್ದರೆ ಆರ್‌ಆರ್ ಹೋಗಿದೆ. ರೇಸ್ ಕೊಟ್ಟರೂ ಅಂಕಿ ಅಲುಗದ ಹಾಗೆ 12.4ರಲ್ಲೇ ಕೂತಿದ್ದರೆ, ಅಥವಾ 12.9 ಅಂತ ಅರೆಬರೆ ಏರಿದರೆ, ಮುಂದಿನ ಭಾಗ ನಿಮಗಾಗಿ.

ಇಲ್ಲಿ ಒಂದು ದುರಭ್ಯಾಸದ ಮಾತು. ಕೆಲವರು ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಟರ್ಮಿನಲ್ ಕಿತ್ತು, ‘ನೋಡಿ, ಆಫ್ ಆಗ್ಲಿಲ್ಲ, ಚಾರ್ಜಿಂಗ್ ಇದೆ’ ಅನ್ನುತ್ತಾರೆ. ಕಿಡಿಯ ಕಾಯಿಲ್ ಬೇರೆ ಇದೆ ಅಂತ ಮೇಲೆ ಹೇಳಿದೆನಲ್ಲ, ಹಾಗಿರುವ ಇಂಜಿನ್ ಹೇಗೂ ಆಫ್ ಆಗುವುದಿಲ್ಲ. ಅದರ ಮೇಲೆ, ಬ್ಯಾಟರಿಯ ಆಸರೆ ತಪ್ಪಿದ ಕೂಡಲೇ ವೋಲ್ಟೇಜ್ ಜಿಗಿದು ಬಲ್ಬೋ ಆರ್‌ಆರೋ ಸುಟ್ಟು ಹೋಗಬಹುದು. ಇದ್ದ ತೊಂದರೆಯೇ ಸಾಲದೇ?

ಕಪ್ಲರ್ ಮತ್ತು ಅರ್ಥ್: ಎಲ್ಲರೂ ಎಡವುವ ಜಾಗ

ಕೀ ಆಫ್ ಮಾಡಿ. ಆರ್‌ಆರ್ ಯೂನಿಟ್ ಹುಡುಕಿ. ಸಾಮಾನ್ಯವಾಗಿ ಸೀಟಿನ ಕೆಳಗೆ ಅಥವಾ ಮಡ್‌ಗಾರ್ಡ್ ಒಳಗೆ ಇರುತ್ತದೆ. ಅದರ ಕಪ್ಲರ್ ಎಳೆದು ಬಿಚ್ಚಿ. ವೈರ್ ಹಿಡಿದು ಎಳೆಯಬೇಡಿ, ಲಾಕ್ ಒತ್ತಿ ಪ್ಲಾಸ್ಟಿಕ್ ಹಿಡಿದು ಬಿಚ್ಚಿ. ಬಿಸಿಲಿಗೆ ಹಿಡಿದು ಒಳಗೆ ನೋಡಿ. ಪಿನ್‌ಗಳ ಮೇಲೆ ಹಸಿರು ಕಿಲುಬು ಇದೆಯಾ? ಒಂದು ಪಿನ್ ಸುತ್ತ ಮಾತ್ರ ಬಿಳಿ ಪ್ಲಾಸ್ಟಿಕ್ ಕಂದಾಗಿದೆಯಾ, ಮೂಲೆ ಕರಗಿದೆಯಾ? ಕಂದಾಗಿದ್ದರೆ ಅಲ್ಲಿ ಸಡಿಲ ಜಾಯಿಂಟ್ ಬಿಸಿಯಾಗಿದೆ. ಬ್ಯಾಟರಿಗೆ ಹೋಗಬೇಕಾದ ಕರೆಂಟ್ ಅಲ್ಲಿ ಶಾಖವಾಗಿ ಹೋಗಿದೆ.

ಇದಕ್ಕೆ ಮುಖ್ಯ ಕಾರಣ ವಾಟರ್ ಸರ್ವೀಸ್. ಕೆಸರು ಮೆತ್ತಿದ ಗಾಡಿಗೆ ಪ್ರೆಶರ್ ಗನ್ ಹಿಡಿದು ಸೀಟಿನ ಕೆಳಗೂ ನೀರು ಹೊಡೆಯುತ್ತಾರೆ. ಕಪ್ಲರ್ ಒಳಗೆ ಹೋದ ನೀರು ಮಲೆನಾಡಿನ ಮಳೆಗಾಲದಲ್ಲಿ ಒಣಗುವುದು ಯಾವಾಗ? ಮುಂಗಾರು ಪೂರ್ತಿ ಅದು ತಾಮ್ರವನ್ನು ತಿನ್ನುತ್ತಿರುತ್ತದೆ.

ಈಗ ಪಿನ್‌ನ ಹಿಂದಿನ ವೈರನ್ನು ಎರಡು ಬೆರಳಲ್ಲಿ ಹಿಡಿದು ಮೆತ್ತಗೆ ಎಳೆಯಿರಿ, ಒಂದೊಂದಾಗಿ. ಒಳ್ಳೆಯ ವೈರ್ ಬಿಗಿಯಾಗಿರುತ್ತದೆ. ಒಂದು ವೈರ್ ರಬ್ಬರಿನ ಹಾಗೆ ಹಿಗ್ಗಿದರೆ ಒಳಗೆ ತಾಮ್ರದ ಎಳೆಗಳು ಕೊಳೆತು ತುಂಡಾಗಿವೆ, ಮೇಲಿನ ಪ್ಲಾಸ್ಟಿಕ್ ಮಾತ್ರ ಹಿಡಿದುಕೊಂಡಿದೆ. ಇಲಿ ಕಡಿದ ಜಾಗವನ್ನೂ ಹುಡುಕಿ. ಶೆಡ್ಡಿನಲ್ಲಿ ನಿಂತ ಗಾಡಿಯ ಸೀಟಿನ ಕೆಳಗೆ ಇಲಿಗೆ ಒಳ್ಳೆಯ ಮನೆ.

ಕಣ್ಣಿಗೆ ಏನೂ ಕಾಣದಿದ್ದರೂ ಮೀಟರ್‌ಗೆ ಕಾಣುತ್ತದೆ. ಕಪ್ಲರ್ ಮತ್ತೆ ಹಾಕಿ, ಇಂಜಿನ್ ಸ್ಟಾರ್ಟ್ ಮಾಡಿ, ಹೆಡ್‌ಲೈಟ್ ಹಾಕಿ, ಒಬ್ಬರು ರೇಸ್ ಹಿಡಿದಿರಲಿ. ಮೀಟರ್ ಡಿಸಿಯಲ್ಲೇ ಇರಲಿ. ಒಂದು ಕಡ್ಡಿಯನ್ನು ಆರ್‌ಆರ್‌ನಿಂದ ಬ್ಯಾಟರಿಗೆ ಹೊರಡುವ ವೈರ್‌ನ ಪಿನ್ನಿಗೆ ಕಪ್ಲರ್ ಹಿಂಬದಿಯಿಂದ ತಾಗಿಸಿ. ಇದು ಹೆಚ್ಚಾಗಿ ಕೆಂಪು ಬಣ್ಣದ್ದು. ಇನ್ನೊಂದು ಕಡ್ಡಿ ಬ್ಯಾಟರಿಯ ಪ್ಲಸ್‌ಗೆ. ಪ್ಲಸ್‌ನಿಂದ ಪ್ಲಸ್‌ಗೆ ಯಾಕೆ ಅಂತ ಗಾಬರಿ ಬೇಡ. ನಾವು ಅಳೆಯುತ್ತಿರುವುದು ದಾರಿಯಲ್ಲಿ ಸೋರಿಹೋದ ವೋಲ್ಟೇಜನ್ನು. 0.2, 0.3 ಬಂದರೆ ಪರವಾಗಿಲ್ಲ. ಅರ್ಧ ವೋಲ್ಟ್, ಒಂದು ವೋಲ್ಟ್ ಬಂದರೆ ಅಷ್ಟು ನಿಮ್ಮ ಬ್ಯಾಟರಿಗೆ ತಲುಪುತ್ತಿಲ್ಲ. ಆಗ ಒಂದು ಕಡ್ಡಿಯನ್ನು ಬ್ಯಾಟರಿಯಲ್ಲೇ ಬಿಟ್ಟು ಇನ್ನೊಂದನ್ನು ಜಾಯಿಂಟ್‌ನಿಂದ ಜಾಯಿಂಟ್‌ಗೆ ಹತ್ತಿರ ತನ್ನಿ. ಫ್ಯೂಸ್ ಹೋಲ್ಡರ್‌ನ ಎರಡೂ ಬದಿ ನೋಡುವುದನ್ನು ಮರೆಯಬೇಡಿ. ಅಂಕಿ ಎಲ್ಲಿ ಧಡಕ್ಕನೆ ಇಳಿಯುತ್ತದೋ ಕಳ್ಳ ಅಲ್ಲಿದ್ದಾನೆ.

ಮೈನಸ್ ಕಡೆಗೂ ಇದೇ ಪರೀಕ್ಷೆ. ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಆರ್‌ಆರ್‌ನ ಅರ್ಥ್ ವೈರ್‌ಗೆ. ಇಲ್ಲಿ 0.2 ಮೀರಬಾರದು. ಮೀರಿದರೆ ಬ್ಯಾಟರಿಯಿಂದ ಚಾಸಿಗೆ ಹೋಗುವ ಅರ್ಥ್ ಬೋಲ್ಟ್ ಬಿಚ್ಚಿ. ಕೆಳಗೆ ಪೇಂಟು ಅಥವಾ ತುಕ್ಕು ಇದ್ದೇ ಇರುತ್ತದೆ. ಉಪ್ಪುಕಾಗದದಲ್ಲಿ ಹೊಳೆಯುವ ಕಬ್ಬಿಣ ಕಾಣುವ ತನಕ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿ.

ಇದರಲ್ಲೊಂದು ಬಲೆ ಇದೆ, ಓದಿದವರೂ ಬೀಳುತ್ತಾರೆ. ವೈರ್‌ನಲ್ಲಿ ಕರೆಂಟ್ ಹರಿಯುತ್ತಿದ್ದರೆ ಮಾತ್ರ ಈ ಪರೀಕ್ಷೆಗೆ ಅರ್ಥ. ಕಾಯಿಲ್ ಸತ್ತಿದ್ದರೆ ಹರಿಯಲು ಏನೂ ಇಲ್ಲ, ಆಗ ಮೀಟರ್ ಸೊನ್ನೆ ತೋರಿಸುತ್ತದೆ. ಅದನ್ನು ನೋಡಿ ‘ವೈರಿಂಗ್ ಸೂಪರ್’ ಅಂದುಕೊಳ್ಳಬೇಡಿ. ಹೆಡ್‌ಲೈಟ್ ಹಾಕಲು ಹೇಳಿದ್ದು ಇದಕ್ಕೇ. ಕೆಲವು ಗಾಡಿಗಳಲ್ಲಿ ಹೆಡ್‌ಲೈಟ್ ಬ್ಯಾಟರಿಯಿಂದ ಉರಿಯುವುದಿಲ್ಲ, ನೇರ ಕಾಯಿಲ್‌ನಿಂದ ಉರಿಯುತ್ತದೆ. ಇಂಜಿನ್ ಆಫ್ ಇದ್ದು ಕೀ ಆನ್ ಮಾಡಿದಾಗ ಲೈಟ್ ಬಂದರೆ ಬ್ಯಾಟರಿಯದ್ದು. ಬರದಿದ್ದರೆ ಫುಲ್ ಚಾರ್ಜ್ ಆದ ಬ್ಯಾಟರಿಗಿಂತ ಸ್ವಲ್ಪ ಇಳಿದ ಬ್ಯಾಟರಿ ಇಟ್ಟು ಪರೀಕ್ಷಿಸಿ, ಅದು ಕರೆಂಟ್ ಎಳೆದುಕೊಳ್ಳುತ್ತದೆ.

ಕಿಲುಬು ಹಿಡಿದ ಪಿನ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಬ್ರಶ್‌ನಲ್ಲಿ ಉಜ್ಜಿ. ಕರಗಿದ ಕಪ್ಲರನ್ನು ಉಳಿಸಲು ಹೋಗಬೇಡಿ, ಹೊಸದು ಹಾಕಿ. ಕೊಳೆತ ವೈರನ್ನು ಒಳ್ಳೆಯ ತಾಮ್ರ ಕಾಣುವವರೆಗೆ ಕತ್ತರಿಸಿ ಸೋಲ್ಡರ್ ಮಾಡಿ, ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ಎಳೆಗಳನ್ನು ತಿರುಚಿ ಟೇಪ್ ಸುತ್ತುವುದು ಒಂದು ಮಳೆಗಾಲವೂ ಬಾಳುವುದಿಲ್ಲ. ಬೀದಿಬದಿಯ ಅಗ್ಗದ ಟೇಪಂತೂ ಇಂಜಿನ್ ಶಾಖಕ್ಕೆ ಅಂಟು ಬಿಟ್ಟು ಜಾರಿ, ಕೆಸರಿನ ಜತೆ ಸೇರಿ ಇನ್ನೊಂದು ಗಲೀಜು.

ಕಾಯಿಲ್

ಜಾಯಿಂಟ್‌ಗಳು ಸರಿಯಿದ್ದೂ ವೋಲ್ಟೇಜ್ ಏರದಿದ್ದರೆ ಮಾತ್ರ ಇಲ್ಲಿಗೆ ಬನ್ನಿ. ಕಾಯಿಲ್‌ನಿಂದ ಬರುವ ಕಪ್ಲರ್ ಬಿಚ್ಚಿ, ಮೀಟರನ್ನು ಎಸಿಗೆ ತಿರುಗಿಸಿ, ಇಂಜಿನ್ ಓಡಿಸಿ. ಒಂದೇ ಬಣ್ಣದ ಮೂರು ವೈರ್ ಇದ್ದರೆ ಎರಡೆರಡನ್ನು ಜೋಡಿ ಮಾಡಿ ಅಳೆಯಿರಿ. ಮೂರೂ ಜೋಡಿಯಲ್ಲಿ ಹೆಚ್ಚು ಕಡಿಮೆ ಒಂದೇ ಅಂಕಿ ಬರಬೇಕು, ರೇಸ್ ಏರಿದಂತೆ ಅದೂ ಏರಬೇಕು. ಒಂದು ಜೋಡಿ ಹಿಂದೆ ಬಿದ್ದರೆ ಕಾಯಿಲ್ ಸುಟ್ಟಿದೆ. ಇಂಜಿನ್ ಆಫ್ ಮಾಡಿ ಓಮ್ಸ್‌ನಲ್ಲಿ ನೋಡಿದರೆ ಈ ಜೋಡಿಗಳು ಒಂದು ಓಮ್‌ಗಿಂತ ಕಡಿಮೆ ಇರುತ್ತವೆ. ಮೀಟರ್ ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದಾಗ ಬರುವ ಅಂಕಿಯನ್ನು ಕಳೆಯಲು ಮರೆಯಬೇಡಿ.

ಮೂರು ವೈರಿನ ಕಾಯಿಲ್‌ನಲ್ಲಿ ಯಾವ ವೈರಿಗೂ ಇಂಜಿನ್ ಬಾಡಿಗೂ ಸಂಪರ್ಕ ಇರಬಾರದು. ಆದರೆ 110 ಸಿಸಿಯ ಹಲವು ಗಾಡಿಗಳಲ್ಲಿ ಹಳದಿ ಮತ್ತು ಬಿಳಿ ಅಂತ ಎರಡೇ ವೈರ್ ಬರುತ್ತವೆ. ಇಂಥವುಗಳಲ್ಲಿ ಕಾಯಿಲ್‌ನ ಒಂದು ತುದಿಯನ್ನು ಬಾಡಿಗೇ ಕೊಟ್ಟಿರುವುದು ಉಂಟು. ಅಲ್ಲಿ ಸಂಪರ್ಕ ತೋರಿಸುವುದೇ ಸರಿ. ಇದು ಗೊತ್ತಿಲ್ಲದೆ ಒಳ್ಳೆಯ ಕಾಯಿಲ್‌ಗಳನ್ನು ಎಷ್ಟೋ ಜನ ಗುಜರಿಗೆ ಹಾಕಿದ್ದಾರೆ. ಅಲ್ಲಿ ವೈರ್ ಮತ್ತು ಬಾಡಿಯ ನಡುವೆ ಎಸಿ ಅಳೆಯಿರಿ. ಅದೇ ಗೊಂಚಲಿನಲ್ಲಿ ಕಪ್ಪಿಗೆ ಕೆಂಪು ಗೆರೆಯ ಒಂದು ವೈರ್ ಇರಬಹುದು. ಅದು ಕಿಡಿಗೆ ಸಂಬಂಧಿಸಿದ್ದು. ಇಂಜಿನ್ ಓಡುವಾಗ ಮುಟ್ಟಬೇಡಿ, ಜೋರಾಗಿ ಶಾಕ್ ಹೊಡೆಯುತ್ತದೆ.

ಕಾಯಿಲ್ ಬದಲಿಸಲು ಮ್ಯಾಗ್ನೆಟ್ ಪುಲ್ಲರ್ ಬೇಕೇ ಬೇಕು. ಸುತ್ತಿಗೆಯಲ್ಲಿ ಬಡಿದು ತೆಗೆಯುವ ಮೆಕ್ಯಾನಿಕ್ ಕಂಡರೆ ಗಾಡಿ ವಾಪಸ್ ತನ್ನಿ.

ಆರ್‌ಆರ್ ಯೂನಿಟ್

ಕಾಯಿಲ್ ಸರಿ, ಜಾಯಿಂಟ್ ಸರಿ, ಆದರೂ ಬ್ಯಾಟರಿಯಲ್ಲಿ 13.5 ಕೂಡ ಬರುತ್ತಿಲ್ಲ ಅಂದರೆ ಉಳಿದದ್ದು ಆರ್‌ಆರ್ ಒಂದೇ. ಕೊಳ್ಳುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಕಪ್ಲರ್ ಸರಿಯಾಗಿ ಕೂತ ಮಾತ್ರಕ್ಕೆ ಅದೇ ಪಾರ್ಟ್ ಅಲ್ಲ. ನಾಲ್ಕು ಪಿನ್ನಿನವುಗಳಲ್ಲೇ ಪಿನ್‌ಗಳ ಕ್ರಮ ಬೇರೆ ಬೇರೆ ಇರುತ್ತದೆ. ‘ಯೂನಿವರ್ಸಲ್’ ಅಂತ ಬರೆದ ಡಬ್ಬಿಯನ್ನು ನಾನಂತೂ ಮುಟ್ಟುವುದಿಲ್ಲ. ಹಾಕುವಾಗ ಬೋಲ್ಟ್ ಗಟ್ಟಿ ಮಾಡಿ, ಗಾಳಿ ಆಡುವ ಜಾಗದಲ್ಲಿ ಕೂರಿಸಿ. ಪಟ್ಟಿಗಳ ನಡುವೆ ಕೆಸರು ಗಟ್ಟಿಯಾದರೆ ಹೊಸದೂ ಬೇಗ ಸುಡುತ್ತದೆ.

ಎಲ್ಲಾ ಸರಿಯಿದ್ದೂ ಬ್ಯಾಟರಿ ಇಳಿಯುತ್ತಿದ್ದರೆ

ಎಲ್‌ಇಡಿ ಬಾರ್ ಲೈಟ್, ಹಾರ್ನು, ಮೊಬೈಲ್ ಚಾರ್ಜರ್ ಅಂತ ಏನೇನು ಸೇರಿಸಿದ್ದೀರಿ ನೋಡಿ. ಈ ಪುಟ್ಟ ಕಾಯಿಲ್‌ಗೆ ಅಷ್ಟು ತಾಕತ್ತಿಲ್ಲ. ಮೊದಲು ಅವನ್ನೆಲ್ಲ ಕಳಚಿ.

ಕೀ ಆಫ್ ಇದ್ದಾಗ ಏನಾದರೂ ಕರೆಂಟ್ ಕುಡಿಯುತ್ತಿದೆಯಾ ಅಂತಲೂ ನೋಡಬೇಕು. ಬ್ಯಾಟರಿಯ ಮೈನಸ್ ಬಿಚ್ಚಿ, ಮೀಟರನ್ನು 10 ಆಂಪಿಯರ್‌ಗೆ ಇಟ್ಟು ವೈರ್ ಮತ್ತು ಟರ್ಮಿನಲ್ ನಡುವೆ ಸೇರಿಸಿ. ಈ ಸ್ಥಿತಿಯಲ್ಲಿ ಸೆಲ್ಫ್ ಒತ್ತಬೇಡಿ, ಮೀಟರ್ ಹೋಗುತ್ತದೆ. ಸೊನ್ನೆ ಬಂದ ಮೇಲೆ ಮಿಲಿ ಆಂಪಿಯರ್‌ಗೆ ಇಳಿಸಿ. ಒಂದೆರಡು ಮಿಲಿ ಆಂಪಿಯರ್ ಸಹಜ. ಐವತ್ತು ಬಂದರೆ 7 ಆಂಪಿಯರ್ ಅವರ್ ಬ್ಯಾಟರಿ ಒಂದು ವಾರವೂ ನಿಲ್ಲುವುದಿಲ್ಲ.

ಹೋಂಸ್ಟೇ ಗಾಡಿಗಳ ಕಥೆ ಇನ್ನೂ ಬೇರೆ. ಅತಿಥಿ ಬರುತ್ತಾರೆ, ಸೆಲ್ಫ್ ಹೊಡೆಯುತ್ತಾರೆ, ಅಂಗಳದಲ್ಲಿ ಎರಡು ಸುತ್ತು, ಆಫ್. ಮಕ್ಕಳ ಫೋಟೊ. ಮತ್ತೆ ಸೆಲ್ಫ್. ಸೆಲ್ಫ್ ಎಳೆದುಕೊಂಡದ್ದನ್ನು ವಾಪಸ್ ತುಂಬಲು ಕಾಯಿಲ್‌ಗೆ ಸಮಯವೇ ಸಿಗುವುದಿಲ್ಲ, ಐಡಲ್‌ನಲ್ಲಂತೂ ಅದು ಕೊಡುವುದು ಅಷ್ಟಕ್ಕಷ್ಟೇ. ಇಂಥ ಗಾಡಿಗೆ ರಿಪೇರಿ ಬೇಕಿಲ್ಲ. ಒಂದು ಆಂಪಿಯರ್ ಒಳಗಿನ ಆಟೊಮ್ಯಾಟಿಕ್ ಟ್ರಿಕಲ್ ಚಾರ್ಜರ್ ತಂದು ವಾರಕ್ಕೊಂದು ರಾತ್ರಿ ಹಾಕಿ ಬಿಡಿ. ಮಳೆಗಾಲದಲ್ಲಿ ಗಾಡಿ ಮೂಲೆ ಸೇರುವುದಾದರೆ ಬ್ಯಾಟರಿ ಬಿಚ್ಚಿ ಒಳಗೆ ತನ್ನಿ, ತಿಂಗಳಿಗೊಮ್ಮೆ ಚಾರ್ಜ್ ಮಾಡಿ.